ಬಾಡಿಗೆಯ ಪುಲ್ಲರೂ ನನ್ನ ವಿಭೂತಿಯೂ

ನಮ್ಮದೇ ಆದ ವಸ್ತು ಮನೆಯಲ್ಲಿ ಎಲ್ಲಿ ಬಿದ್ದಿದ್ದರೂ ನಾವು ತಿರುಗಿ ನೋಡುವುದಿಲ್ಲ. ಬಾಡಿಗೆಗೆ ತಂದದ್ದಾದರೆ ಅದಕ್ಕೆ ಮಣೆ ಹಾಕುತ್ತೇವೆ. ನನ್ನ ಕಬ್ಬಿಣದ ಬಾಂಡಲಿ ಎರಡು ವರ್ಷದಿಂದ ಒಂದು ಕಿವಿಯಿಲ್ಲದೆ ಬದುಕುತ್ತಿದೆ, ಅದರ ಸುದ್ದಿಯನ್ನು ಯಾರೂ ಕೇಳಿಲ್ಲ. ಮದುವೆಗೆಂದು ಬೇರೆ ಮನೆಯಿಂದ ತಂದ ಕೊಪ್ಪರಿಗೆಯನ್ನು ಮಾತ್ರ ನಾನೇ ನಿಂತು ತಿಕ್ಕಿಸಿ, ತಳ ಮುಟ್ಟಿ ನೋಡಿ, ನಾನೇ ಎದುರಿಗಿದ್ದು ಹಿಂದಕ್ಕೆ ಕಳಿಸುತ್ತೇನೆ. ಈ ನನ್ನ ಅತಿ ಮರ್ಯಾದೆಯ ಗುಣವೇ ಒಂದು ಸೋಮವಾರ ನಮ್ಮ ಕಾರಿನ ಹೊಟ್ಟೆ ಕೆಡಿಸಿತು. ಅದನ್ನು ಈಗ ಒಪ್ಪಿಕೊಂಡರೆ ತಪ್ಪೇನೂ ಇಲ್ಲ, ಕಾರೂ ಇಲ್ಲ, ಬೈಯುವವರಿಗೂ ವಯಸ್ಸಾಗಿದೆ.

ಆಗ ನಾವು ಹನೂರಿನಲ್ಲಿದ್ದೆವು. ನಮ್ಮ ಯಜಮಾನರದು ರಾಗಿ, ಜೋಳ, ಹುಣಸೆಹಣ್ಣಿನ ವ್ಯಾಪಾರ. ಬಿಳಿಗಿರಿರಂಗನ ಬೆಟ್ಟದ ಕಡೆಯ ತೋಟದವರೊಬ್ಬರು ಮಾರಿದ ಹಳೆಯ ಕಾರೊಂದನ್ನು ಕೊಂಡಿದ್ದರು. ಅದು ಹೋಗುವಾಗ ಒಂದು ಸದ್ದು, ಬರುವಾಗ ಇನ್ನೊಂದು ಸದ್ದು. ನನಗೆ ಎರಡೂ ರೂಢಿಯಾಗಿದ್ದವು. ಮೂರನೆಯ ಸದ್ದೊಂದು ಶುರುವಾದಾಗಲೇ ಯಜಮಾನರು ಮೇಸ್ತ್ರಿ ಮಾದೇವನನ್ನು ಕರೆಸಿದ್ದು. ಊರಿನ ಅಕ್ಕಿ ಗಿರಣಿಯ ಎಂಜಿನ್ನು, ನೀರೆತ್ತುವ ಎಂಜಿನ್ನು ಎಲ್ಲವೂ ಅವನ ಕೈಯಲ್ಲೇ ಉಸಿರಾಡುತ್ತಿದ್ದವು. ಅವನು ಬಾನೆಟ್ಟಿಗೆ ಕಿವಿಯಿಟ್ಟು ಕೇಳಿದ. "ಟೈಮಿಂಗ್ ಚಕ್ರದ ಅಲ್ಲು ಸವ್ದೋಗದೆ ಸಾ. ಇನ್ನೊಂದೆರಡು ದಪ ಓಡಿಸ್ದ್ರೆ ಅಲ್ಲೆಲ್ಲಾ ಉದ್ರೋಯ್ತದೆ," ಎಂದ. ಚಕ್ರದ ಹಲ್ಲು ಅವನ ಬಾಯಲ್ಲಿ ಅಲ್ಲು.

ಬೇರೆ ಯಾವಾಗಲಾದರೂ ಆಗಿದ್ದರೆ ಹೋಗಲಿ ಬಿಡಿ ಎನ್ನುತ್ತಿದ್ದೆ. ಆದರೆ ನಮ್ಮ ಹಿರಿಯ ಮಗಳು ನೀಲಳನ್ನು ಯಳಂದೂರಿಗೆ ಕೊಟ್ಟಿದ್ದೆವು. ಅವಳಿಗೆ ಚೊಚ್ಚಲು. ಏಳು ತಿಂಗಳು ತುಂಬುವುದರೊಳಗೆ ತವರಿಗೆ ಕರೆತರಬೇಕು, ಎಂಟರಲ್ಲಿ ಹೊಸ್ತಿಲು ದಾಟಿಸುವಂತಿಲ್ಲ. ಎಂಟು ಹಿಡಿದರೆ ಒಂಬತ್ತರವರೆಗೆ ಕಾಯಬೇಕು. ನನ್ನ ಲೆಕ್ಕದಲ್ಲಿ ಗುರುವಾರಕ್ಕೆ ಎಂಟು ಹಿಡಿಯುತ್ತಿತ್ತು. ಮಂಗಳವಾರ ಹೆಣ್ಣುಮಗಳನ್ನು ಮನೆಯಿಂದ ಕಳಿಸುವುದಿಲ್ಲ. ಉಳಿದದ್ದು ಬುಧವಾರ ಒಂದೇ. ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಬೇಡಿ, ಕಾರು ತಂದರೆ ಮಾತ್ರ ಕಳಿಸುತ್ತೇವೆ ಎಂದು ಬೀಗಿತ್ತಿ ಮೊದಲೇ ಹೇಳಿ ಕಳಿಸಿದ್ದರು. ಆಗಿನ್ನೂ ಹನೂರು, ಕೊಳ್ಳೇಗಾಲ ಮದರಾಸು ಸರ್ಕಾರಕ್ಕೆ ಸೇರಿದ್ದವು, ಯಳಂದೂರು ಮೈಸೂರಿನವರದು. ಬೇರೆ ಯಾವ ವಿಷಯದಲ್ಲೂ ಕೂಡದ ಈ ಎರಡು ಸೀಮೆಗಳದೂ ಎಂಟನೆಯ ತಿಂಗಳ ವಿಷಯದಲ್ಲಿ ಮಾತ್ರ ಒಂದೇ ಮಾತು.

ಹೊಸ ಚಕ್ರವನ್ನು ಮೈಸೂರಿನಿಂದ ತರಿಸಿಯಾಯಿತು. ಆದರೆ ಹಳೆಯದು ಕಬ್ಬಿಣದ ದಂಡಕ್ಕೆ ಕಚ್ಚಿಕೊಂಡು ಕೂತಿರುತ್ತದಂತೆ, ಸುತ್ತಿಗೆ ತಾಗಿಸುವಂತಿಲ್ಲ. ಮೂರು ಕಾಲಿನಿಂದ ಚಕ್ರವನ್ನು ಹಿಂದಿನಿಂದ ಹಿಡಿದು, ನಡುವಿನ ತಿರುಪು ಬಿಗಿದಂತೆ ಅದನ್ನು ಮೆಲ್ಲಗೆ ಎಳೆದುಕೊಳ್ಳುವ ಸಾಮಾನೊಂದು ಬೇಕು. ಮಾದೇವ ಅದನ್ನು ಪುಲ್ಲರ್ ಎಂದ. "ಕೊಂಡುಕೊಂಡರೆ ಆಗದೇ?" ಎಂದು ನಾನು ಕೇಳಿದೆ. "ಆಯುಷ್ಯದಲ್ಲಿ ಒಂದು ಸಲ ಬೇಕಾಗುವ ಸಾಮಾನು. ನೀನು ಕೊಪ್ಪರಿಗೆ ಕೊಂಡಿದ್ದೀಯಾ?" ಎಂದರು ಯಜಮಾನರು.

ಅದು ಇದ್ದದ್ದು ಕೊಳ್ಳೇಗಾಲದ ಆರುಮುಗಂ ಎನ್ನುವವರ ಬಳಿ. ಹಿಂದೆ ಮಿಲಿಟರಿ ಲಾರಿ ಓಡಿಸಿದವರು. ಬಾಡಿಗೆ ಹೆಚ್ಚಲ್ಲ, ಷರತ್ತು ಹೆಚ್ಚು. ಯಜಮಾನರು ಸೋಮವಾರ ಮೊದಲ ಬಸ್ಸಿಗೆ ಹೋಗಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಅದನ್ನು ಎದೆಗವಚಿಕೊಂಡು ಬಂದರು. "ದೀಪ ಹಚ್ಚೋಕ್ ಮುಂಚೆ ಇಲ್ಲಿರಬೇಕು ಸಾಮಿ. ನನ್ ಸಾಮಾನು ಇನ್ನೊಬ್ರ ಮನೇಲಿ ಮಲಗಾದಿಲ್ಲ. ಒಂದ್ಸಲ ಮಲಗಿ ಕಾಲು ಸೊಟ್ಟ ಮಾಡ್ಕೊಂಡು ಬಂತು" ಎಂದು ಹೇಳಿ ಕೊಟ್ಟರಂತೆ. ಅಂದರೆ ನಾಲ್ಕು ಗಂಟೆಯ ಬಸ್ಸಿಗೆ ಅದು ಹೊರಡಲೇಬೇಕು.

ಮಾದೇವ ಚುರುಕಿನಿಂದ ಕೆಲಸ ಹಿಡಿದ. ಆ ಎಂಜಿನ್ನಿನಲ್ಲಿ ಕೆಳಗೊಂದು ಸಣ್ಣ ಚಕ್ರ, ಮೇಲೊಂದು ದೊಡ್ಡ ಚಕ್ರ. ಎರಡೂ ಒಂದರ ಹಲ್ಲನ್ನು ಒಂದು ಕಚ್ಚಿ ತಿರುಗುತ್ತವೆ. ಕಚ್ಚುವಾಗ ಒಂದೇ ಒಂದು ಹಲ್ಲು ಆಚೀಚೆಯಾದರೂ ಎಂಜಿನ್ನು ಉಸಿರು ಎಳೆಯಬೇಕಾದಾಗ ಬಿಡುತ್ತದೆ, ಬಿಡಬೇಕಾದಾಗ ಎಳೆಯುತ್ತದೆ. ಕಂಪನಿಯವರು ಹಾಕಿದ ಗುರುತು ಎಂದೋ ಅಳಿಸಿಹೋಗಿತ್ತು. ಆದ್ದರಿಂದ ಮಾದೇವ ಬಿಚ್ಚುವ ಮೊದಲೇ ತನ್ನ ಎಲೆಯಡಿಕೆ ಡಬ್ಬಿಯ ಸುಣ್ಣದಿಂದ, ಕಚ್ಚಿಕೊಂಡಿದ್ದ ಹಲ್ಲುಗಳಿಗೆ ಒಂದೊಂದು ಬೊಟ್ಟು ಇಟ್ಟ. ಆಮೇಲೆ ಪುಲ್ಲರ್ ಹಾಕಿ ದೊಡ್ಡ ಚಕ್ರವನ್ನು ಕಿತ್ತ. ಕಿತ್ತೊಡನೆ ಒಳಗಿನ ಸ್ಪ್ರಿಂಗುಗಳು ಒತ್ತಿ ದಂಡ ಸ್ವಲ್ಪ ತಿರುಗಿಕೊಂಡಿತು. "ಗುರ್ತು ಅದೆಯಲ್ಲ ಸಾ, ಏನೂ ಬಯ ಇಲ್ಲ," ಎಂದು ಅವನು ಹಳೆಯ ಚಕ್ರವನ್ನು ಹೊಸದರ ಮೇಲಿಟ್ಟು ಅದೇ ಹಲ್ಲಿಗೆ ಅಲ್ಲೂ ಸುಣ್ಣವಿಟ್ಟ. ಇದೆಲ್ಲ ನನಗೆ ಆಮೇಲೆ ತಿಳಿದ ಶಾಸ್ತ್ರ. ಆಗ ನಾನು ಒಳಗೆ ಮುದ್ದೆ ತೊಳಸುತ್ತಿದ್ದೆ.

ಅವರಿಬ್ಬರೂ ಉಂಡು ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ನಾನು ಹೊರಗೆ ಬಂದು ನೋಡಿದೆ. ಜಗುಲಿಯ ಮೇಲೆ ಗೋಣಿತಾಟು, ಅದರ ಮೇಲೆ ಆ ಮೂರು ಕಾಲಿನದು, ಪಕ್ಕದಲ್ಲಿ ಹಳೆಯ ಚಕ್ರ, ಹೊಸ ಚಕ್ರ. ಒಂದೊಂದು ಚಕ್ರದ ಮೇಲೂ ಚೂರು ಬಿಳುಪು. ಮಾದೇವ ವಿಭೂತಿ ಇಡಲು ಹೋಗಿ ಅರ್ಧಕ್ಕೇ ಬಿಟ್ಟಿದ್ದಾನೆ, ಗಂಡಸರ ಪೂಜೆಯೇ ಇಷ್ಟು ಎಂದುಕೊಂಡೆ. ಸೋಮವಾರ ಬೇರೆ. ಇನ್ನು ಸ್ವಲ್ಪ ಹೊತ್ತಿಗೆ ಮುಚ್ಚಳ ಬಿಗಿದರೆ ಈ ಚಕ್ರಗಳು ಮತ್ತೆ ಬೆಳಕು ಕಾಣುವುದು ಎಷ್ಟು ವರ್ಷಕ್ಕೋ. ಬಸುರಿ ಮಗಳನ್ನು ಹೊತ್ತು ತರಬೇಕಾದವು. ಒಳಗಿನಿಂದ ವಿಭೂತಿ ಗಟ್ಟಿ ತಂದೆ. ಎಣ್ಣೆ ಜಿಡ್ಡಿಗೆ ವಿಭೂತಿ ನಿಲ್ಲುವುದಿಲ್ಲವೆಂದು ಮೊದಲು ಸೆರಗಿನ ತುದಿಯಿಂದ ಒರೆಸಿದೆ. ಆಮೇಲೆ ಹೊಸ ಚಕ್ರಕ್ಕೆ ಮೂರು ಬೆರಳಿನಿಂದ ಅಡ್ಡಲಾಗಿ ಎಳೆದೆ. ಹಳೆಯದಕ್ಕೂ ಎಳೆದೆ, ಇಷ್ಟು ವರ್ಷ ದುಡಿದದ್ದಲ್ಲವೇ. ಕಾರಿನ ಮೂತಿಯೊಳಗೆ ಬಗ್ಗಿ ಸಣ್ಣ ಚಕ್ರವನ್ನೂ ಒರೆಸಿ ಎಳೆದೆ. ಬಾಡಿಗೆಯ ಅತಿಥಿಯ ಮೂರು ಕಾಲಿಗೂ ಒಂದೊಂದು.

ಮಾದೇವ ಬಂದವನು ಗರ ಬಡಿದಂತೆ ನಿಂತ. "ಅವ್ವಾರೇ, ನನ್ ಸುಣ್ಣ ಎಲ್ಲೋಯ್ತು?"

"ಯಾವ ಸುಣ್ಣ?"

"ಗುರ್ತು ಮಡಗಿದ್ನಲ್ಲ ಅವ್ವಾ! ಒಂದಲ್ಗೆ ಮಡಗಿದ್ದೆ, ಈಗ ಎಲ್ಲಾ ಅಲ್ಲೂ ಬೆಳ್ಗಾಗವೆ!"

ಯಜಮಾನರು ನನ್ನ ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ನೋಡಿದರು, ಸೆರಗನ್ನು ನೋಡಿದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು, "ಲೇ ಮಾದೇವ, ಉಳಿಯಲ್ಲಿ ಗೀಚಬಾರದಾಗಿತ್ತೇನೋ?" ಎಂದು ಅವನ ಮೇಲೆ ತಿರುಗಿದರು. "ಉಂಡ್ಕಂಡ್ ಬಂದು ಗೀಚಾದು ಅಂತಿದ್ದೆ ಸಾ. ಉಣ್ಣಾದ್ರಲ್ಲಿ ಅವ್ವಾರು ದೀಕ್ಷೆ ಕೊಟ್ಬುಟ್ರು." ಗಂಟೆ ಆಗಲೇ ಎರಡಾಗುತ್ತಿತ್ತು. ನನ್ನ ಕಣ್ಣ ಮುಂದೆ ಬೀಗರ ಮನೆಯ ಹೊಸ್ತಿಲು, ಅದರ ಆಚೆ ಒಂದು ತಿಂಗಳು ನಿಂತೇ ಇರುವ ನೀಲ.

ಗುರುತಿಲ್ಲದೆಯೂ ಕೂಡಿಸಬಹುದು, ಆದರೆ ಮೂವರು ಬೇಕು ಎಂದ ಮಾದೇವ. ಮೊದಲನೆಯ ಸಿಲಿಂಡರಿನ ಪ್ಲಗ್ಗು ಬಿಚ್ಚಿ, ಆ ತೂತಿನೊಳಗೆ ಕಡ್ಡಿಯೊಂದನ್ನು ಇಳಿಬಿಟ್ಟು ಹಿಡಿಯಬೇಕು. ಹ್ಯಾಂಡಲ್ ತಿರುಗಿಸಿದಂತೆ ಒಳಗಿನ ಪಿಸ್ಟನ್ನು ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ. ತುತ್ತತುದಿಗೆ ಬಂದು ಇನ್ನು ಇಳಿಯಬೇಕು ಎನ್ನುವಾಗ ಕಡ್ಡಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತದೆ. ಆ ಗಳಿಗೆಯನ್ನು ಹೇಳಬೇಕು, ಆಗಲೇ ಅವನು ಚಕ್ರ ಕೂಡಿಸುವುದು. "ಅದ್ಕೆ ತಾಳ್ಮೆ ಬೇಕು. ಸಾವ್ಕಾರ್ರಿಗೆ ಆಗಾದಿಲ್ಲ. ನೀವೇ ಇಡೀರಿ ಅವ್ವಾ," ಎಂದ. ಕಸಪೊರಕೆಯಿಂದ ಒಂದು ಗಟ್ಟಿ ಕಡ್ಡಿ ಕಿತ್ತುಕೊಟ್ಟೆ. ಯಜಮಾನರು ಹ್ಯಾಂಡಲ್ ಹಿಡಿದರು, ಮಾದೇವ ಎಂಜಿನ್ನು ಉಸಿರು ಎಳೆದು ಬಿಡುವ ವಾಲ್ವುಗಳ ಮೇಲೆ ಕಣ್ಣಿಟ್ಟ, ನಾನು ಕಡ್ಡಿ ಹಿಡಿದು ಉಸಿರು ಕಟ್ಟಿ ನಿಂತೆ.

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಯಜಮಾನರು ನನ್ನ ಮಾತಿಗೆ ಅಷ್ಟು ಸರಿಯಾಗಿ ತಿರುಗಿದ್ದು ಅದೊಂದೇ ಮಧ್ಯಾಹ್ನ. "ಇನ್ನೂ ಸ್ವಲ್ಪ. ಸ್ವಲ್ಪವೇ. ಸಾಕು! ಹೆಚ್ಚಾಯಿತು, ಹಿಂದಕ್ಕೆ!" ಮೊದಲ ಸಲ ಕೂಡಿಸಿದ್ದು ಒಂದು ಹಲ್ಲು ತಪ್ಪಿತು. ಪುಲ್ಲರ್ ಹಾಕಿ ಮತ್ತೆ ಕಿತ್ತದ್ದಾಯಿತು. ಎರಡನೆಯ ಸಲ ಮಾದೇವ ಮೂರು ಸುತ್ತು ತಿರುಗಿಸಿ ನೋಡಿ, ಪುಲ್ಲರನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಯಜಮಾನರ ಕೈಗಿಟ್ಟ. ಬಸ್ಸಿನ ಹಾರನ್ನು ಕೇಳಿಸುತ್ತಿತ್ತು. ಅವರು ಪಂಚೆ ಎತ್ತಿಕಟ್ಟಿ ಓಡಿದರು. ಇನ್ನು ತಪ್ಪಿದ್ದರೆ ತಪ್ಪಿದ್ದೇ, ಕೀಳಲು ಸಾಮಾನಿಲ್ಲ. ಮುಚ್ಚಳ ಬಿಗಿದು ಮಾದೇವ ಹ್ಯಾಂಡಲ್ ಹೊಡೆದ. ಎರಡು ಸಲ ಕೆಮ್ಮಿತು. ಮೂರನೆಯ ಸಲ ಹಿಡಿದುಕೊಂಡಿತು. ನಾನು ಜಗುಲಿಯ ಮೇಲೆ ಕೂತು ಸದ್ದಿಲ್ಲದೆ ಅತ್ತೆ. ಮಾದೇವ ನೋಡಿಯೂ ನೋಡದವನಂತೆ ಸುಣ್ಣದ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಆರುಮುಗಂ ಪುಲ್ಲರಿನ ಕಾಲಿನ ವಿಭೂತಿ ನೋಡಿ, "ಇಷ್ಟ್ ವರ್ಷದಲ್ಲಿ ಇದಕ್ಕೆ ಯಾರೂ ಮರ್ಯಾದೆ ಕೊಟ್ಟಿರ್ಲಿಲ್ಲ ಸಾಮಿ. ಇನ್ಮೇಲೆ ನಿಮ್ಮನೇಲಾದ್ರೆ ಒಂದ್ ರಾತ್ರಿ ಇರ್ಲಿ," ಎಂದರಂತೆ. ಯಜಮಾನರು ಅದನ್ನು ನನಗೆ ಮರುದಿನ ಹೇಳಿದರು, ಅದೂ ಊಟ ಬಡಿಸಿದ ಮೇಲೆ.

ಬುಧವಾರ ಮಧುವನಹಳ್ಳಿ, ಕೊಳ್ಳೇಗಾಲ ದಾಟಿ ಸೀಮೆ ಬದಲಾಯಿಸಿ ಯಳಂದೂರು ಸೇರಿದೆವು. ಕಾರು ಒಂದೇ ಸದ್ದಿನಲ್ಲಿ ಹೋಯಿತು. ಬೀಗಿತ್ತಿ ಬಾಗಿಲಲ್ಲೇ ನಿಂತು ಬೆರಳು ಮಡಿಸುತ್ತಿದ್ದರು. "ಬೇಜಾರ್ ಮಾಡ್ಕಬೇಡಿ ಬೀಗ್ರೇ. ಅಮಾಸೆಯಿಂದ ಅಮಾಸೆಗೆ ಎಣಿಸುದ್ರೆ ಮೊನ್ನೇಗೇ ಎಂಟು ಇಡೀತು. ಈಗೆಂಗ್ ಕಳ್ಸಾದು?" ಎಂದರು. "ಇಲ್ಲ ಬೀಗ್ರೇ, ನಾಳೆ ಹಿಡಿಯೋದು," ಎಂದು ನಾನೂ ಬೆರಳು ಮಡಿಸಿದೆ. ಇಬ್ಬರೂ ಗೋಡೆಯ ಕ್ಯಾಲೆಂಡರಿನ ಮುಂದೆ ಹೋದೆವು. ಅವರು ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ. ದನಿ ಏರತೊಡಗಿತು. ಯಜಮಾನರು ಕಾರು ನೋಡುವ ನೆಪದಲ್ಲಿ ಹೊರಗೆ ಹೋದರು.

ನೀಲ ಅಡಿಗೆಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಅವ್ವ, ಅತ್ತೆ, ಇಬ್ರ ಲೆಕ್ಕವೂ ತಪ್ಪು. ಇನ್ನೂ ಹತ್ತು ದಿನ ಅದೆ. ಒತ್ಕಂಡಿರೋಳು ನಾನು, ನನ್ನ ಯಾರಾದ್ರೂ ಕೇಳುದ್ರಾ?"

ನಾವಿಬ್ಬರೂ ಕ್ಯಾಲೆಂಡರಿನಿಂದ ಕೈ ತೆಗೆದೆವು. ಬೀಗಿತ್ತಿ, "ಅಂಗಾದ್ರೆ ಮಡ್ಲು ತುಂಬ್ತೀನಿ, ಓಗ್ಬುಟ್ಟು ಬಾ ಕಣವ್ವ," ಎಂದರು. ದಾರಿಯುದ್ದಕ್ಕೂ ನೀಲ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು. ಮನೆಗೆ ಬಂದ ಮೇಲೆ ನಾನು ಅವಳ ಹತ್ತು ದಿನವನ್ನು ಸೇರಿಸಿ, ಹೊಸದಾಗಿ ಲೆಕ್ಕ ಹಾಕಿ, ಹೆರಿಗೆಯ ದಿನವನ್ನು ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಮೊಮ್ಮಗ ನನ್ನ ಲೆಕ್ಕಕ್ಕಾಗಲಿ, ಬೀಗಿತ್ತಿಯ ಲೆಕ್ಕಕ್ಕಾಗಲಿ, ತನ್ನ ತಾಯಿಯ ಲೆಕ್ಕಕ್ಕಾಗಲಿ ಸಿಗದೆ ತನಗೆ ತೋಚಿದ ದಿನ ಬಂದ. ಆ ಹೊತ್ತಿಗೆ ನಾನು ಪಕ್ಕದ ಮನೆಯ ಜಗುಲಿಯಲ್ಲಿ ಕೂತು, ಇನ್ನೂ ಹದಿನೈದು ದಿನ ಬಾಕಿಯಿದೆ ಎಂದು ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದೆ.