ಹದಿನಾರು ಪುಟಗಳ ಹೊಲಿಗೆ

ನನ್ನ ಗೆಳೆಯ, ದರ್ಜಿ, ಕಳೆದ ಭಾನುವಾರ ತೀರಿಕೊಂಡ. ಮಧ್ಯಾಹ್ನ ನಮ್ಮ ಮನೆಗೆ ಬಂದು ಹೋದವನು ಸಂಜೆಗೆ ಇರಲಿಲ್ಲ.

ಬಟ್ಟೆ ಹೊಲಿದು ಉಳಿದ ಹೊತ್ತಿನಲ್ಲಿ ಕಾದಂಬರಿ ಬರೆದು, ತಾನೇ ಅಚ್ಚು ಹಾಕಿಸಿ, ಪ್ಯಾಂಟಿನ ಅಳತೆ ಕೊಡಲು ಬಂದವರಿಗೆ ತಾನೇ ಮಾರುತ್ತಿದ್ದವನು ಅವನು. ಪ್ರಕಾಶಕ, ಪ್ರಚಾರಕ, ಹೊರೆಯಾಳು ಎಲ್ಲವೂ ಅವನೇ. ಇಂಥವರ ಬೆನ್ನಿಗೆ ನಿಲ್ಲಬೇಕು ಎಂದು ಸಿಕ್ಕಸಿಕ್ಕವರಿಗೆಲ್ಲ ಉಪದೇಶಾಮೃತ ಉಣಿಸುತ್ತಿದ್ದವನು ನಾನು. ಬರೀ ಮಾತಲ್ಲ, ಅವನ ಹೊಸ ಕಾದಂಬರಿಯ ಐದು ಪ್ರತಿ ಕೊಂಡಿದ್ದೆ. (ಐದೂ ಕಪಾಟಿನಲ್ಲಿ ಸಾಲಾಗಿ ನಿಂತು, ಬಂದವರಿಗೆಲ್ಲ ನನ್ನ ಔದಾರ್ಯವನ್ನು ಸಾರುತ್ತಿದ್ದವು.)

ಆ ಮಧ್ಯಾಹ್ನ ಕೈಚೀಲ ಹಿಡಿದು ಬಂದು ಕೂತವನೇ ಕೇಳಿದ: "ಓದಿದ್ಯೇನೋ?"

"ಏನ್ ಹಾಗೆ ಕೇಳ್ತೀಯಾ! ಒಂದೇ ಉಸಿರಿಗೆ ಮುಗಿಸ್ದೆ."

"ಮಧ್ಯೆ ಎಲ್ಲೂ ಎಡವಲಿಲ್ವಾ?"

"ಎಡವೋದಾ? ನೀರು ಹರಿದ ಹಾಗೆ ಹೋಗುತ್ತಲ್ಲೋ ಕತೆ!"

ಅಡುಗೆಮನೆಯಲ್ಲಿ ನನ್ನ ಹೆಂಡತಿ ಕೆಮ್ಮಿದಳು. ಅದು ನೆಗಡಿಯ ಕೆಮ್ಮಲ್ಲ ಎಂದು ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವನಿಗೆ ಗೊತ್ತಾಗಬೇಕಿತ್ತು. ನಾನು ಹುರುಪಿನಲ್ಲಿದ್ದೆ. "ಅದರಲ್ಲೂ ಆ ನಡುವಿನ ಭಾಗ ಇದೆಯಲ್ಲ, ಅಬ್ಬಬ್ಬಾ!" ಎಂದೆ.

"ನಡುವಿನ ಭಾಗಾನೇ ಇಲ್ಲ ಕಣೋ," ಎಂದ. "ಬೈಂಡಿಂಗ್‌ನವನು ಹದಿನಾರು ಪುಟ ಸೇರಿಸೋದನ್ನೇ ಮರ್ತಿದಾನೆ. ಅರವತ್ತನಾಲ್ಕನೇ ಪುಟದಲ್ಲಿ ನಾಯಕ ಏಣಿ ಹತ್ತುತ್ತಾನೆ. ಎಂಬತ್ತೊಂದರಲ್ಲಿ ಅವನ ಮಗಳ ಮದುವೆ!"

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. "ನಾನೇ ಈ ಅಣ್ಣನಿಗೆ ಫೋನ್ ಮಾಡಿ ಕೇಳಿದ್ದು, ಏಣಿ ಹತ್ತಿದವನು ಇಳಿದ್ನೋ ಬಿದ್ನೋ ಅಂತ. ಇವರು ಓದೇ ಇಲ್ಲ ಅನ್ಬೇಡಿ ಅಣ್ಣ. ಹಿಂದಿನ ರಟ್ಟಿನ ಮೇಲಿರೋದು ಪೂರ್ತಿ ಓದಿದಾರೆ."

"ಐದು ಪ್ರತಿ ಕೊಂಡೆನಲ್ಲೋ," ಎಂದು ಗೊಣಗಿದೆ.

"ಒಂದು ಕೊಂಡು ಬೈದಿದ್ರೆ ಸಾಕಿತ್ತು," ಎಂದ. ಸಿಟ್ಟಿರಲಿಲ್ಲ, ಮುಖ ಅರಳಿಯೇ ಇತ್ತು. "ಮುನ್ನೂರು ಪ್ರತಿ ಹೋದವು. ಪುಟ ಎಲ್ಲಯ್ಯಾ ಅಂತ ಜಗಳಕ್ಕೆ ಬಂದವರು ಏಳು ಜನ. ಏಳು ಜನ ನಿಜವಾಗ್ಲೂ ಓದಿದಾರೆ ಕಣೋ! ಎಂಟನೆಯವನು ನೀನಾಗ್ತೀಯ ಅಂತ ಒಂದು ತಿಂಗಳು ಕಾದೆ."

ನಕ್ಕೇ ಹೇಳಿದ. ನನಗೆ ನಗು ಬರಲಿಲ್ಲ.

ಈ ವಾರ ಆ ಕಾದಂಬರಿಯನ್ನು ಎರಡು ಸಲ ಓದಿದ್ದೇನೆ. ಏಣಿ ಹತ್ತಿದವನು ಏನಾದ ಎಂದು ನನಗೂ ಗೊತ್ತು. ಬೈಯಲು ಮೂರು ಜಾಗ ಸಿಕ್ಕಿವೆ, ಬೈಸಿಕೊಳ್ಳಲು ಅವನಿಲ್ಲ. ನಿಮಗೂ ಇಂಥ ಗೆಳೆಯನಿದ್ದರೆ ಪುಸ್ತಕ ಕೊಳ್ಳಿ, ಓದಿ, ಹೋಗಿ ಜಗಳವಾಡಿ. ತಡ ಮಾಡಬೇಡಿ.

ಅಂದು ಅವನು ಕೈಚೀಲದಿಂದ, ಪುಸ್ತಕದಲ್ಲಿ ಬಿಟ್ಟುಹೋಗಿದ್ದ ಪುಟಗಳನ್ನೂ ಕೋಟಿನ ಗುಂಡಿ ಹಚ್ಚುವ ದಪ್ಪ ಸೂಜಿಯನ್ನೂ ತೆಗೆದ. ನನ್ನ ಹೆಂಡತಿ ಓದಿದ್ದ ಪ್ರತಿಯನ್ನು ಮೊದಲು ಹೊಲಿದ. ಆಮೇಲೆ ಕಪಾಟಿನಿಂದ ನನಗೊಂದು ಆರಿಸಿ ತಂದು, ಧೂಳು ಊದಿ, ಹದಿನಾರು ಪುಟ ಸೇರಿಸಿ ಹೊಲಿದ. ದಾರವನ್ನು ಹಲ್ಲಿನಲ್ಲಿ ಕಡಿದು, ಪುಸ್ತಕವನ್ನು ತೆರೆದು ನನ್ನ ತೊಡೆಯ ಮೇಲಿಟ್ಟ. ಅರವತ್ತೈದನೆಯ ಪುಟಕ್ಕಲ್ಲ, ಮೊದಲನೆಯ ಪುಟಕ್ಕೆ.