ದ್ರಾಕ್ಷಿ ತಂತಿಯ ಮೇಲಿನ ಇಂಟರ್ನೆಟ್

ಇದನ್ನು ಬರೆಯುವುದನ್ನು ಮೂರು ಚಾಟಣಿಗಳಿಂದ ಮುಂದೂಡುತ್ತ ಬಂದಿದ್ದೇನೆ. ಚಾಟಣಿ ಎಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ. ನಮ್ಮೂರು ಐಗಳಿಯಲ್ಲಿ ಕಾಲ ಎಣಿಸಲು ಅದೇ ಸಾಕು.

ನನ್ನ ಹೆಂಡತಿಯ ತಮ್ಮ ಕೆಟ್ಟ ಯಂತ್ರವನ್ನು ರಿಪೇರಿ ಮಾಡುವುದಿಲ್ಲ, ವಿಚಾರಣೆ ಮಾಡುತ್ತಾನೆ. ಶೇಡಬಾಳದಲ್ಲಿ ಪಂಪಿನ ಮೋಟರು ರಿವೈಂಡಿಂಗ್ ಅವನ ಕಸುಬು. ಅವನ ಪ್ರಕಾರ ಜಗತ್ತಿನ ಸಕಲ ಯಂತ್ರಗಳೂ ಪಂಪಿನ ಮೋಟರಿನ ಅಣ್ಣತಮ್ಮಂದಿರು. ಒಮ್ಮೆ ನಮ್ಮ ಮಿಕ್ಸರನ್ನು ಬಿಚ್ಚಿ ಹಾಸಿಗೆಯಷ್ಟಗಲ ಹರಡಿದ. ಅಷ್ಟರಲ್ಲಿ ಹೊತ್ತು ಇಳಿಯಿತು. ನಾವು ಜೈನರು, ಸೂರ್ಯ ಮುಳುಗುವ ಮೊದಲೇ ಊಟ. ಕೈ ತೊಳೆದು ತಾಟಿನ ಮುಂದೆ ಕೂತ.

"ಚಟ್ನಿ ಎಲ್ಲೈತಿ ಅಕ್ಕಾ?"

"ನೀ ಬಿಚ್ಚಿಟ್ಟೀಯಲ್ಲ, ಅದರಾಗ ಐತಿ. ಹುಡುಕಿ ಹಚ್ಕೊ."

ಇಂಥವನ ಕೈಗೆ ನಾವು ಇಂಟರ್ನೆಟ್ ಕೊಟ್ಟೆವು. ರಸ್ತೆ ಬದಿಯ ನಮ್ಮ ಒಣದ್ರಾಕ್ಷಿ ಶೆಡ್ಡಿನವರೆಗೆ ಅದು ಬಂದಿತ್ತು. ಮನೆ ತೋಟದಾಚೆ, ಅಲ್ಲಿ ಮೊಬೈಲೂ ಹಿಡಿಯುವುದಿಲ್ಲ. ಕಂಬ ಹುಗಿಯಬೇಕೇ, ನೆಲ ಅಗೆಯಬೇಕೇ?

"ತ್ವಾಟದ ತುಂಬ ತಂತಿ ಕಟ್ಟೀರಿ, ಮತ್ತ ಕಂಬ ಯಾಕ್ರಿ ದಾಜಿ?" ಎಂದ. ಅಕ್ಕನ ಗಂಡನಾದ ನಾನು ಅವನಿಗೆ ದಾಜಿ. ಬಳ್ಳಿ ಹಬ್ಬಿಸಿದ ತಂತಿಗುಂಟ ಕರಿ ಕೇಬಲ್ ಎಳೆದು ತಂದು ನಮ್ಮ ಸೊಸೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಚೆನ್ನಾಗಿಯೇ ನಡೆಯಿತು.

ಸೊಸೆಗೆ ಕಾಲೇಜೊಂದರ ನೌಕರಿಯ ಸಂದರ್ಶನವಿದ್ದ ದಿನ ಮಾತ್ರ ನಡೆಯಲಿಲ್ಲ. ಮಧ್ಯಾಹ್ನ ಮೂರಕ್ಕೆ ಅವಳು ಲ್ಯಾಪ್‌ಟಾಪಿನ ಮುಂದೆ ಕೂತು ಉತ್ತರ ಹೇಳಬೇಕು. ಹನ್ನೆರಡಕ್ಕೆ ಅದು ಸಂಪರ್ಕವಿಲ್ಲ ಎಂದಿತು. ಫೋನು ಮಾಡಲು ಮಗ ರಸ್ತೆಗೆ ಓಡಿದ, ವಿಚಾರಣಾಧಿಕಾರಿ ಬಂದ. ಚಪ್ಪಲಿ ಬಿಟ್ಟ. ಪಿನ್ನು ತೆಗೆದು ಊದಿದ, ಹಾಕಿದ. ಆರಿಸಿ ಹಚ್ಚಿದ. ಪಿನ್ನಿನ ಪಕ್ಕದ ದೀಪವನ್ನು ವೈದ್ಯರು ನಾಲಗೆ ನೋಡುವಂತೆ ನೋಡಿದ.

"ಇದರದ್ದೇನೂ ತಪ್ಪಿಲ್ರಿ. ಬಾಯಿ ತಕ್ಕೊಂಡ ಕುಂತೈತಿ, ಪಾಪ, ಊಟಾನ ಬರವಲ್ದು. ತ್ವಾಟದಾಗ ಯಾರರೆ ಕೇಬಲ್ ಮುಟ್ಟೀರೇನ್ರಿ?"

ಮುಂಜಾನೆ ಚಾಟಣಿ ಮಾಡುವಾಗ ಕಡ್ಡಿಯ ಜೊತೆ ಕರಿಯದೇನೋ ಕಚಕ್ಕೆಂದದ್ದು ಆಗ ನೆನಪಾಯಿತು. ನಲವತ್ತು ವರ್ಷ ಕತ್ತರಿ ಹಿಡಿದ ಕೈ ತಪ್ಪಿತೆಂದು ಸೊಸೆಯ ಮುಂದೆ ಹೇಗೆ ಹೇಳಲಿ?

"ಯಾರ್ ಮುಟ್ಟತಾರ? ನಾನ ಇದ್ದೆ ಅಲ್ಲಿ" ಎಂದೆ.

"ದಾಜಿ ಅಂದಮ್ಯಾಲ ಮುಗೀತು" ಎಂದು ಅವನು ಮತ್ತೆ ಮೊದಲಿನಿಂದ ಪಿನ್ನು ಊದತೊಡಗಿದ.

"ಈಗ ಬರತೈತಿ, ಈಗ ಬರತೈತಿ" ಎನ್ನುತ್ತಲೇ ಮೂರು ಹೊಡೆದೇ ಬಿಟ್ಟಿತು. ಸೊಸೆ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಶೆಡ್ಡಿಗೆ ಓಡಿದಳು. ಅಲ್ಲಿ ಸಂಪರ್ಕ ಸಿಕ್ಕಿತು, ಆದರೆ ಅವಳ ಸರದಿ ದಾಟಿತ್ತು. ಹೆಂಡತಿಯ ತಮ್ಮ ತಂತಿಗುಂಟ ಹೋದ, ನಾವೆಲ್ಲ ಅವನ ಹಿಂದೆ; ಒಂದು ಕಡೆ ಕೇಬಲಿನ ಎರಡು ತುದಿ ಹಿಡಿದು ನಿಂತ. ಕಡಿತ ಓರೆಯಾಗಿ, ನುಣ್ಣಗಿತ್ತು. ಅದು ಯಾವ ಕತ್ತರಿಯ ಕಡಿತವೆಂದು ನಮ್ಮೂರ ಕೂಸಿಗೂ ಗೊತ್ತು. ನನ್ನತ್ತ ಒಮ್ಮೆ ನೋಡಿದ.

"ಇಲಿ ಕಡದೈತಿ" ಎಂದ.

ಆಗಲಾದರೂ ನಾನು ಸುಮ್ಮನಿರಬಾರದಿತ್ತೇ? "ಇಲಿ ಕಡಿಯೂ ಹಂಗ ಯಾಕ ಎಳದಿ? ಬುದ್ಧಿ ಎಲ್ಲಿಟ್ಟಿದ್ದಿ?" ಎಂದು ಎಲ್ಲರೆದುರು ಬೈದೆ.

"ತಪ್ಪಾತ್ರಿ ದಾಜಿ" ಎಂದು ಅವನು ಸೊಸೆಗೆ ಕೈಮುಗಿದ.

ಸೊಸೆಗೆ ಮುಂದೆ ಅಥಣಿಯಲ್ಲಿ ನೌಕರಿ ಸಿಕ್ಕಿತು. ಆ ದಿನ ಅವಳ ಮುಂದೆ ಎಲ್ಲ ಒಪ್ಪಿಕೊಂಡೆ. ಅವಳು "ನನಗ ಹೇಳಿದ್ರಿ, ಆತು. ಅವರಿಗೆ ಹೇಳ್ರಿ ಮಾಮಾ" ಎಂದಳು.

ಬಾಯಿಬಿಟ್ಟು ಇನ್ನೂ ಹೇಳಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವನು ಈಗಲೂ ಬರುತ್ತಾನೆ. ಯಾರಾದರೂ ಆ ಸಂದರ್ಶನದ ಮಾತೆತ್ತಿದರೆ, ನಾನು ಬಾಯಿ ತೆರೆಯುವ ಮೊದಲೇ "ಅದು ನನ್ನ ತಪ್ಪ ಬಿಡ್ರಿ" ಎಂದು ನಗುತ್ತಾನೆ. ನಾನು ತಲೆ ತಗ್ಗಿಸಿ ಚಹಾ ಕುಡಿಯುತ್ತೇನೆ.

ಅವನ ಹೆಸರು ಭರಮಪ್ಪ.