ಹೊಸ ಫೋನಿನ ಹೊಟ್ಟೆಯಲ್ಲಿ ಹಳೆಯ ಚೆನ್ನೆಮಣೆ

ಸಂಜೆಯೊಳಗೆ ಚಿದಾನಂದನ ಚೆನ್ನೆಮಣೆಗೆ ಜೀವ ಬರಿಸಿಯೇ ಸಿದ್ಧ ಎಂದು ಲಾಯಿಲದ ಧರ್ಣಪ್ಪ ದೋಸೆಯ ಮುಂದೆ ಕುಳಿತು ಘೋಷಿಸಿದ.

ಚಿದಾನಂದ ಅವನ ಜೀವದ ಗೆಳೆಯ. ತೀರಿಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಿಂದೆ ಅವನು ಮೊಬೈಲಿಗೆಂದು ಬರೆದಿದ್ದ, ಗುಳಿಗಳಿಗೆ ಕಾಯಿ ಹಂಚುವ ಚೆನ್ನೆಮಣೆಯ ಆಟ ಧರ್ಣಪ್ಪನ ಮೇಲ್‌ನಲ್ಲಿ ಉಳಿದಿತ್ತು. ಈಗಿನ ಫೋನುಗಳಲ್ಲಿ ತೆರೆಯುತ್ತಿರಲಿಲ್ಲ. ಮೂಡುಬಿದಿರೆಯಲ್ಲಿ ಓದುವ ಚಿದಾನಂದನ ಮಗಳು ವಿಸ್ಮಿತಾ ಅದನ್ನು ನೋಡಿಯೇ ಇರಲಿಲ್ಲ. ತೋರಿಸುತ್ತೇನೆಂದು ಧರ್ಣಪ್ಪ ಮಾತು ಕೊಟ್ಟುಬಿಟ್ಟಿದ್ದ.

"ಮಳೆಗಾಲದ ಆಟಿ ತಿಂಗಳು ಮುಗಿದ ಮೇಲೆ ಚೆನ್ನೆಮಣೆ ಅಟ್ಟದಿಂದ ಇಳಿಸುವುದುಂಟಾ?" ಎಂದಳು ಹೆಂಡತಿ ಪದ್ಮಾಕ್ಷಿ.

"ಫೋನಿಗೆ ಎಂಥ ಆಟಿ? ಹೊಸ ಫೋನಿನ ಹೊಟ್ಟೆಯೊಳಗೆ ಹಳೆಯ ಫೋನನ್ನೇ ಕೂರಿಸ್ತೇನೆ, ನೋಡ್ತಾ ಇರು."

ಹಾಗೆ ಕೂರಿಸುವ ಆ್ಯಪ್ ಇದ್ದದ್ದು ನಿಜ. ಅದಕ್ಕೆಂದೇ ತನ್ನ ಹಳೆಯ ಫೋನನ್ನು ಅಂಗಡಿಗೆ ಕೊಟ್ಟು, ಇಡೀ ಬೆಳ್ತಂಗಡಿಗೇ ಬಲಶಾಲಿಯಾದದ್ದನ್ನು ತಂದಿದ್ದ. ಆದರೆ ಹಳೆಯ ಆಂಡ್ರಾಯ್ಡ್ ಎಂಬ ಅತಿಥಿ ಹೊಸ್ತಿಲು ದಾಟಲಿಲ್ಲ. ಪರದೆ ಕಪ್ಪಾಯಿತು. ಮತ್ತೆ ಮತ್ತೆ ಕರೆದ. ಫೋನು ದೋಸೆಕಾವಲಿಯಷ್ಟು ಕಾದಿತು. ಫ್ಯಾನಿನ ಕೆಳಗಿಟ್ಟು ಅದಕ್ಕೆ ಶೈತ್ಯೋಪಚಾರ ಮಾಡುತ್ತಿರುವಾಗಲೇ ವಿಸ್ಮಿತಾ ಬಸ್ಸಿಳಿದು ಬಂದಳು.

"ಮಾಮ, ಈ ಪ್ರೊಸೆಸರಿಗೆ ಮೂವತ್ತೆರಡು ಬಿಟ್ಟಿನ ಹಳೆಯ ಭಾಷೆ ಬರುವುದಿಲ್ಲ. ಮೊದಲಿನವಕ್ಕೆ ಹಳತೂ ಹೊಸತೂ ಎರಡೂ ಬರ್ತಿತ್ತು. ನಿಮ್ಮ ಹಳೇ ಫೋನು ಉಂಟಾ?"

"ಅದನ್ನು ಕೊಟ್ಟೇ ಅಲ್ವಾ ಇದನ್ನು ತಂದದ್ದು," ಎಂದ ಧರ್ಣಪ್ಪ.

ಪದ್ಮಾಕ್ಷಿ ಅಡುಗೆಮನೆಗೆ ಹೋಗಿ, ಅಕ್ಕಿ ಡಬ್ಬಿಗೆ ಒರಗಿಸಿಟ್ಟ ತನ್ನ ಫೋನನ್ನು ತಂದಳು. ಗಾಜು ಒಡೆದ, ಅರಸಿನ ಮೆತ್ತಿದ, ಮ್ಯೂಸಿಯಮ್ಮಿಗೆ ಕೊಡು ಎಂದು ಧರ್ಣಪ್ಪ ದಿನಾ ಗೇಲಿ ಮಾಡುತ್ತಿದ್ದ ಫೋನು. ವಿಸ್ಮಿತಾ ಆ ಆ್ಯಪನ್ನೂ ಆಟವನ್ನೂ ಅದಕ್ಕೆ ಹಾಕಿದಳು. ಅದರಲ್ಲಿ ಅತಿಥಿ ತನ್ನದೇ ಮನೆಯೆಂಬಂತೆ ಒಳಗೆ ಬಂದು ಕೂತಿತು. ಚೆನ್ನೆಮಣೆಯ ಚಿತ್ರ ಮೂಡಿತು. ಧರ್ಣಪ್ಪ ಅದನ್ನು ಒತ್ತಿದ. ಆಟದ ಬದಲು ಚಿದಾನಂದ ಬರೆದಿಟ್ಟ ಅಕ್ಷರಗಳು ಬಂದವು:

"ಈಗ ಆಟಿ ಅಲ್ಲ ಮಾರಾಯ. ಹೋಗಿ ಕೆಲಸ ನೋಡು."

ವಿಸ್ಮಿತಾ ಅದನ್ನು ಅಪ್ಪನ ರಾಗದಲ್ಲೇ ಗಟ್ಟಿಯಾಗಿ ಓದಿದಳು. ನಕ್ಕಳು. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. "ಫೋನಿನ ತಾರೀಕನ್ನು ಆಟಿಗೆ ಬದಲಿಸುವ," ಎಂದ ಧರ್ಣಪ್ಪ.

"ಬೇಡ ಮಾಮ. ಆಟಿಗೇ ಬರ್ತೇನೆ."

"ಅವರು ಕೆಲಸ ನೋಡ್ಲಿಕ್ಕೆ ಹೇಳಿದ್ದಾರಲ್ಲ," ಎಂದು ಪದ್ಮಾಕ್ಷಿ ಗಂಡನ ಹೊಸ ಫೋನನ್ನು ಎತ್ತಿಕೊಂಡಳು. "ಆಟಿಯವರೆಗೆ ನನ್ನ ಫೋನಿಗೆ ದಿನಾ ಚಾರ್ಜು ಹಾಕುವುದು ನೀವು. ಧಾರಾವಾಹಿ ನಾನು ಇದರಲ್ಲಿ ನೋಡ್ತೇನೆ."